ಜೀಪ್ ಶೆಡ್ ಜಾಗದಲ್ಲಿ ಮರದ ಕೋಣೆ: ಕೊಡಗಿನ ಮಳೆಗೆ ತಡೆದೀತೇ?

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮ ಮನೆ. ಅಂಗಳದ ಪಕ್ಕದಲ್ಲಿ ತಂದೆಯವರು ಕಟ್ಟಿಸಿದ ಹಳೇ ಜೀಪ್ ಶೆಡ್ ಇದೆ. ಸಿಮೆಂಟ್ ಶೀಟಿನ ಮಾಡು, ಕಾಂಕ್ರೀಟ್ ನೆಲ. ಅದನ್ನು ಕೆಡವಿ ಅಲ್ಲೇ ಮರದ ಚೌಕಟ್ಟಿನ, ಗೋಡೆಯೊಳಗೆ ಇನ್ಸುಲೇಶನ್ ತುಂಬಿದ ಕೋಣೆ ಕಟ್ಟಬೇಕೆಂದಿದ್ದೇವೆ. ಮಗಳು ಅಲ್ಲಿ ಕೂತು ಆಫೀಸ್ ಕೆಲಸ ಮಾಡಲಿ ಅಂತ. ಇಂಗ್ಲೆಂಡಿನವರು ಹೀಗೆ ಕಟ್ಟುವ ವಿಡಿಯೊಗಳನ್ನು ನೋಡಿದ್ದೇವೆ. ನಮ್ಮ ಮಳೆ, ಗೆದ್ದಲು ನೆನೆದರೆ ಧೈರ್ಯ ಸಾಲದು. ಮಾಡಬಹುದೇ?

ಉತ್ತರ: ಮಾಡಬಹುದು. ಆದರೆ ಆ ವಿಡಿಯೊದಲ್ಲಿರುವ ಹಾಗೇ ಕಟ್ಟಿದರೆ ನಾಲ್ಕು ಮಳೆಗಾಲ ನಿಲ್ಲುವುದೂ ಕಷ್ಟ. ಲಂಡನ್ನಿನಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಮಡಿಕೇರಿಯಲ್ಲಿ 3000 ಮಿ.ಮೀ. ದಾಟುತ್ತದೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಗಾಳಿಯ ಜೊತೆ ಓರೆಯಾಗಿ. ಅವರ ಲೆಕ್ಕವೆಲ್ಲ ಚಳಿಯದು. ನಿಮ್ಮ ಲೆಕ್ಕ ನೀರಿನದು. ಇನ್ಸುಲೇಶನ್ ಎಷ್ಟು ಇಂಚು ಎಂಬುದನ್ನು ಕೊನೆಗೆ ಯೋಚಿಸಿದರೆ ಸಾಕು.

ಮೊದಲು ಶೆಡ್ಡಿನ ಹಿಂದೆ ಹೋಗಿ ನೋಡಿ. ಗುಡ್ಡ ಕಡಿದು ಸಮ ಮಾಡಿ ಜೀಪ್ ನಿಲ್ಲಿಸಿದ ಜಾಗಗಳೇ ನಮ್ಮಲ್ಲಿ ಹೆಚ್ಚು. ಬರೆ, ಅಂದರೆ ಗುಡ್ಡ ಕಡಿದ ಗೋಡೆ, ಹತ್ತಿರವಿದ್ದು, ಮಳೆಗಾಲದಲ್ಲಿ ಅದರಿಂದ ನೀರು ಒಸರುತ್ತಿದ್ದರೆ ಕೋಣೆಯನ್ನು ಬೇರೆ ಕಡೆ ಕಟ್ಟಿ. 2018ರ ಆಗಸ್ಟಿನ ಭೂಕುಸಿತ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಜೀಪಿನ ಮೇಲೆ ಮಣ್ಣು ಬಿದ್ದರೆ ಜೀಪ್ ಹೋಯಿತು ಅಷ್ಟೇ. ಈಗ ಅಲ್ಲಿ ಕೂರುವವಳು ನಿಮ್ಮ ಮಗಳು. ಕೋಣೆ ಸ್ವಲ್ಪ ದೊಡ್ಡದಾಗಲಿ ಅಂತ ಬರೆಯನ್ನು ಇನ್ನೆರಡು ಅಡಿ ಕಡಿಸುವುದಂತೂ ಬೇಡವೇ ಬೇಡ.

ಹಳೇ ಸಿಮೆಂಟ್ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇದೆ ಎಂದೇ ಎಣಿಸಿ. ಸುತ್ತಿಗೆಯಿಂದ ಒಡೆದು ಉರುಳಿಸಿದರೆ ಕಣ್ಣಿಗೆ ಕಾಣದ ನಾರು ಹಾರಿ ಶ್ವಾಸಕೋಶಕ್ಕೆ ಇಳಿಯುತ್ತದೆ. ರೋಗ ಕಾಣಿಸಿಕೊಳ್ಳುವುದು ದಶಕಗಳ ನಂತರ. ನೀರು ಚಿಮುಕಿಸಿ ಒದ್ದೆ ಮಾಡಿ, ಬೋಲ್ಟ್ ಬಿಚ್ಚಿ, ಇಡೀ ಶೀಟನ್ನೇ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಕೆಲಸದವರಿಗೆ ಸರಿಯಾದ ಮಾಸ್ಕ್ ಕೊಡಿ, ಮುಖಕ್ಕೆ ಕಟ್ಟುವ ಟವೆಲ್ ಸಾಲದು. ಚೂರುಗಳನ್ನು ತೋಟದ ದಾರಿಗೆ ಹಾಸುವ ಅಭ್ಯಾಸ ನಮ್ಮಲ್ಲಿದೆ, ಅದು ನಿಲ್ಲಬೇಕು.

ಇನ್ನು ನೆಲ. ಮರದ ಕೋಣೆ ಉಳಿಯುವುದು, ಅಳಿಯುವುದು ಇಲ್ಲೇ. ಜೀಪ್ ಸಲೀಸಾಗಿ ಒಳಗೆ ಬರಲೆಂದು ಶೆಡ್ಡಿನ ನೆಲವನ್ನು ಅಂಗಳದ ಮಟ್ಟಕ್ಕೇ ಹಾಕಿರುತ್ತಾರೆ. ಅದರ ಮೇಲೆ ನೇರವಾಗಿ ಮರದ ಅಡಿಪಟ್ಟಿ ಕೂರಿಸಿದರೆ ಸೂರಿನಿಂದ ಬಿದ್ದು ಸಿಡಿಯುವ ನೀರೇ ಅದನ್ನು ಕೊಳೆಸುತ್ತದೆ. ಮರದಲ್ಲಿ ತೇವ 20 ಶೇಕಡಾ ದಾಟಿ ಹಾಗೇ ನಿಂತರೆ ಶಿಲೀಂಧ್ರಕ್ಕೆ ಅಷ್ಟು ಸಾಕು. ಕೊಡವ ಕುಟುಂಬಗಳ ಹಿರಿಯರ ಮನೆಗಳಾದ ಐನ್‌ಮನೆಗಳನ್ನು ನೋಡಿ, ಮೆಟ್ಟಿಲು ಹತ್ತಿಯೇ ಒಳಗೆ ಹೋಗಬೇಕು. ಹಳೇ ಕಾಂಕ್ರೀಟು ಬಿರುಕು ಬಿಡದೆ ಗಟ್ಟಿಯಾಗಿದ್ದರೆ ಇರಲಿ, ಅದರ ಮೇಲೆ ಕನಿಷ್ಠ ಒಂದೂವರೆ ಅಡಿ ಎತ್ತರದ ಕಾಂಕ್ರೀಟ್ ಮೋಟುಕಂಬ ಎಬ್ಬಿಸಿ, ಕೋಣೆಯ ನೆಲವನ್ನು ಅವುಗಳ ಮೇಲೆ ಕೂರಿಸಿ. ಪ್ರತಿ ಕಂಬದ ತಲೆಗೆ ಅಂಚು ಕೆಳಕ್ಕೆ ಬಗ್ಗಿಸಿದ ಜಿ.ಐ. (ಸತುವಿನ ಲೇಪದ ಕಬ್ಬಿಣ) ತಗಡು ಹಾಕಿಸಿ. ತಗಡು ಗೆದ್ದಲನ್ನು ಕೊಲ್ಲುವುದಿಲ್ಲ. ಆದರೆ ಮೇಲೆ ಹೋಗಬೇಕಾದರೆ ಅದು ತಗಡಿನ ಅಂಚು ಸುತ್ತಿ ಮಣ್ಣಿನ ಗೂಡು ಕಟ್ಟಲೇಬೇಕು, ಆಗ ಟಾರ್ಚ್ ಹಾಕಿ ಬಗ್ಗಿದರೆ ನಿಮಗೆ ಕಾಣುತ್ತದೆ. ಮುಚ್ಚಿದ ಅಡಿಪಾಯದಲ್ಲಿ ಈ ಅನುಕೂಲವಿಲ್ಲ. ಅದಕ್ಕೇ ನಾನು ಕಂಬದ ಪರ. ಮಣ್ಣಿಗೆ ಗೆದ್ದಲು ಔಷಧ ಹಾಕುವವರನ್ನು ಕರೆಸಿದರೆ ಗೆದ್ದಲು ತಡೆಯ ಭಾರತೀಯ ಮಾನದಂಡವಾದ ಐ.ಎಸ್. 6313 ಪ್ರಕಾರ ಮಾಡುತ್ತೀರಾ ಎಂದು ಕೇಳಿ. ಬಾವಿ ಹತ್ತಿರವಿದ್ದರೆ ಅದನ್ನೂ ಮೊದಲೇ ಹೇಳಿ.

ಮರ ಯಾವುದು? ಮೆಣಸು ಹಬ್ಬಿಸಿದ ಸಿಲ್ವರ್ ಓಕ್ ನಿಮ್ಮ ತೋಟದಲ್ಲೇ ಇರಬಹುದು. ಖಾಸಗಿ ಜಮೀನಿನಲ್ಲಿ ಅದನ್ನು ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿಯೂ ಇದೆ. ಹಗುರ, ಕೆಲಸಕ್ಕೆ ಸುಲಭ, ಆದರೆ ಔಷಧ ಹಿಡಿಸದಿದ್ದರೆ ಮರ ಕೊರೆಯುವ ಕುಟ್ಟೆ ಹುಳ ಬೀಳುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸಿ ಒಳಚೌಕಟ್ಟಿಗೆ ಬಳಸಿ. ಮಳೆ ತಾಗುವಲ್ಲಿ ಬೇಡ, ಆ ಔಷಧ ನೀರಿಗೆ ತೊಳೆದುಹೋಗುತ್ತದೆ. ಅಡಿಪಟ್ಟಿಗೆ ಮಾತ್ರ ಹೊನ್ನೆಯೋ ಮತ್ತಿಯೋ ಚೇಗಿನ, ಅಂದರೆ ಗಟ್ಟಿ ಒಳತಿರುಳಿನ, ಮರವೇ ಆಗಲಿ. ಹಳೇ ಮನೆ ಕೆಡವಿದ ತೊಲೆ ಸಿಕ್ಕಿದರೆ ಬಿಡಬೇಡಿ. ತೋಟದಲ್ಲಿ ನಿಂತಿರುವ ಹೊನ್ನೆ, ಬೀಟೆಗೆ ಕೈ ಹಾಕುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ. ಬಾಣೆ, ಅಂದರೆ ಗದ್ದೆಯ ಜೊತೆಗೆ ಹಿಂದೆ ಬಿಟ್ಟುಕೊಟ್ಟ ಕಾಡು ಜಮೀನಾದರೆ ಮರದ ಹಕ್ಕು ಯಾರದೆಂಬ ಪ್ರಶ್ನೆಯೇ ಬೇರೆ.

ಗೋಡೆಗೆ ನಾಲ್ಕು ಇಂಚಿನ ಚೌಕಟ್ಟು, ಒಳಗೆ ರಾಕ್ ವೂಲ್, ಅಂದರೆ ಕಲ್ಲು ಕರಗಿಸಿ ಎಳೆದ ನಾರಿನ ಹಾಸು. ಥರ್ಮಾಕೋಲ್ ಅಗ್ಗ ನಿಜ, ಇರುವೆ ಮತ್ತು ಇಲಿಗಳಿಗೂ ಅದು ಇಷ್ಟ, ವೈರಿಂಗ್ ಪಕ್ಕ ಬೆಂಕಿಯ ಭಯ ಬೇರೆ. ಚಳಿ ದೇಶದವರು ಗೋಡೆಯ ಒಳಮೈಗೆ ಪ್ಲಾಸ್ಟಿಕ್ ಹಾಳೆ ಹೊಡೆಯುತ್ತಾರೆ. ಹೀಟರ್ ಹಾಕಿದ ಕೋಣೆಯ ಆವಿ ಗೋಡೆಯೊಳಗೆ ಹೋಗದಿರಲಿ ಎಂದು. ನಮ್ಮಲ್ಲಿ ಹೀಟರ್ ಇಲ್ಲ, ಹೊರಗಿನ ಗಾಳಿಯೇ ನಾಲ್ಕು ತಿಂಗಳು ಒದ್ದೆ. ಒಳಗೆ ಪ್ಲಾಸ್ಟಿಕ್ ಹಾಕಿದರೆ ಗೋಡೆ ಸೇರಿದ ತೇವಕ್ಕೆ ಹೊರಹೋಗುವ ದಾರಿಗಳಲ್ಲಿ ಒಂದು ಮುಚ್ಚಿತು. ಹೊರಮೈಗೆ ನೀರು ತಡೆದು ಆವಿ ಬಿಡುವ ಹಾಳೆ, ಅದರ ಮೇಲೆ ರೀಪು ಹೊಡೆದು ಒಂದು ಇಂಚು ಗಾಳಿಸಂದು, ಆಮೇಲೆ ಹೊರಹಲಗೆ. ಸಂದಿನ ಬಾಯಿಗೆ ಇಲಿ ನುಗ್ಗದಂತೆ ಜಾಲರಿ ಇರಲಿ. ಮಳೆ ಹೊಡೆಯುವ ನೈಋತ್ಯದ ಗೋಡೆಗೆ ಮರದ ಹಲಗೆಯ ಆಸೆ ಬಿಟ್ಟು ಆಸ್ಬೆಸ್ಟಾಸ್ ಇಲ್ಲದ ಫೈಬರ್ ಸಿಮೆಂಟ್ ಬೋರ್ಡ್ ಹಾಕಿ. ಬಾಗಿಲು, ದೊಡ್ಡ ಕಿಟಕಿ ಪೂರ್ವಕ್ಕೆ. ಸೂರು ಮೂರಡಿ ಹೊರಚಾಚಲಿ.

ಮಾಡಿಗೆ ಬಣ್ಣದ ತಗಡೇ ಬೇಕೆಂದರೆ ಜುಲೈಯಲ್ಲಿ ಮಗಳ ಮೀಟಿಂಗ್ ಯಾರಿಗೂ ಕೇಳಿಸುವುದಿಲ್ಲ, ಒಳಗಿನ ಆವಿ ರಾತ್ರಿ ತಣ್ಣಗಾದ ತಗಡಿಗೆ ತಾಗಿ ಹನಿಯಾಗಿ ತೊಟ್ಟಿಕ್ಕುವುದೂ ಉಂಟು. ಅದರ ಕೆಳಗೆ ದಪ್ಪ ರಾಕ್ ವೂಲ್ ಹಾಕಿದರೆ ಎರಡೂ ಕಡಿಮೆಯಾಗುತ್ತವೆ. ನನ್ನನ್ನು ಕೇಳಿದರೆ ಹಲಗೆ, ನೀರು ತಡೆಯುವ ಹಾಳೆ, ಮೇಲೆ ಮಂಗಳೂರು ಹೆಂಚು. ತೂಕ ಹೆಚ್ಚು, ಪಕಾಸು ದಪ್ಪ ಬೇಕು, ಆದರೂ ಸದ್ದು ತೀರ ಕಡಿಮೆ.

ಕಾಫಿ ಕುಯ್ಲು ಮುಗಿಯದೆ ಆಳು ಸಿಗುವುದಿಲ್ಲ, ಜೂನ್ ಬಂದರೆ ಕೆಲಸ ನಡೆಯುವುದಿಲ್ಲ. ಉಳಿಯುವುದು ಮಾರ್ಚ್‌ನಿಂದ ಮೇ ಮಧ್ಯದವರೆಗೆ. ಹಾಗಾಗಿ ಮರವನ್ನು ಹಿಂದಿನ ವರ್ಷವೇ ಕೊಯ್ಸಿ, ನಡುವೆ ಪಟ್ಟಿ ಇಟ್ಟು ಗಾಳಿ ಆಡುವಂತೆ ಅಟ್ಟಿ ಹಾಕಿ ಒಣಗಿಸಬೇಕು. ಕಾಫಿ ಹೂ ಅರಳಿಸುವ ಹೂಮಳೆ ಈ ನಡುವೆಯೇ ಬರುತ್ತದೆ, ಟಾರ್ಪಾಲು ಸಿದ್ಧವಿರಲಿ. ಪಂಚಾಯಿತಿಯಲ್ಲಿ ಶೆಡ್ ಕೆಡವುವ ಮೊದಲೇ ವಿಚಾರಿಸಿ. ಮುಂದೆ ಹೋಂಸ್ಟೇಗೆ ಕೊಡುವ ಯೋಚನೆಯೂ ಇದ್ದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕಾಗುತ್ತದೆ. ಶೌಚಾಲಯದ ಪೈಪಿಗೆ ಜಾಗವನ್ನು ನಕ್ಷೆಯಲ್ಲೇ ಬಿಟ್ಟುಕೊಳ್ಳಿ.