ತಮ್ಮನಿಗಿಂತ ಹೆಚ್ಚು ಬಾಳಿದ ರೈಲು

ಅಡುಗೆಮನೆಯ ಹಳೆ ಸ್ಟೀಲ್ ಪಾತ್ರೆಯೊಂದನ್ನು ತಿರುಗಿಸಿ ನೋಡಿ. ಮೈಯೆಲ್ಲ ಫಳಫಳ. ಹಿಡಿಗೆ ಬೆಸುಗೆ ಹಾಕಿದ ಜಾಗದಲ್ಲಿ ಮಾತ್ರ ಎಷ್ಟೋ ಸಲ ಕಂದು ಕಲೆ ಕಾಣುತ್ತದೆ. ತಿಕ್ಕಿ ತೊಳೆದರೂ ನಾಲ್ಕು ದಿನಕ್ಕೆ ಮತ್ತೆ ಹಾಜರ್. ನ್ಯೂಯಾರ್ಕಿನ ಸಬ್‌ವೇ, ಅಂದರೆ ನಮ್ಮ ಮೆಟ್ರೊದಂಥ ಸುರಂಗ ರೈಲು ಜಾಲದ ರೈಲೊಂದು 57 ವರ್ಷ ಬಾಳಿದ್ದರ ಹಿಂದೆ ಈ ಕಲೆ ಬರದಂತೆ ಬೆಸೆಯುವ ಜಾಣತನ ಇತ್ತು.

ಆ ರೈಲಿನ ಹೆಸರು ಆರ್32. ಫಿಲಡೆಲ್ಫಿಯಾದ ಬಡ್ ಕಂಪನಿ 1964–65ರಲ್ಲಿ ಇಂಥ 600 ಬೋಗಿಗಳನ್ನು ಕಟ್ಟಿಕೊಟ್ಟಿತು. ಬಣ್ಣ ಬಳಿದ ಹಳೆ ರೈಲುಗಳ ನಡುವೆ ಇವು ಬೆಳ್ಳಿಯಂತೆ ಹೊಳೆಯುತ್ತಿದ್ದವು. ಹಾಗಾಗಿ ಬ್ರೈಟ್‌ಲೈನರ್ ಎಂಬ ಹೆಸರೂ ಬಂತು. ಪಕ್ಕದ ಗೋಡೆಗಳ ತುಂಬ ಉದ್ದುದ್ದ ಗೆರೆಗಳ ಅಲೆ. ಅದು ಬರೀ ಶೋಕಿಗಲ್ಲ. ದನದ ಕೊಟ್ಟಿಗೆಗೆ ಹೊದಿಸುವ ತಗಡಿಗೆ ಅಲೆ ಯಾಕಿರುತ್ತದೋ ಇಲ್ಲೂ ಅದೇ ಕಾರಣ: ಅಲೆ ಇದ್ದರೆ ತೆಳು ತಗಡೂ ಸುಲಭವಾಗಿ ಬಾಗುವುದಿಲ್ಲ. ತಗಡು ತೆಳುವಾದಷ್ಟೂ ಬೋಗಿ ಹಗುರ, ಎಳೆಯಲು ಕರೆಂಟೂ ಕಡಿಮೆ.

ಈಗ ಬೆಸುಗೆಯ ವಿಷಯ. ಸ್ಟೇನ್‌ಲೆಸ್ ಉಕ್ಕಿಗೆ ತುಕ್ಕು ಹಿಡಿಯದಿರುವುದು ಅದರಲ್ಲಿರುವ ಕ್ರೋಮಿಯಂನಿಂದ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯನ್ನು ಉಕ್ಕಿನ ಮೇಲೆ ಹೊದಿಸುತ್ತದೆ. ಗೀಚಿದರೆ ಪೊರೆ ತಾನೇ ಮತ್ತೆ ಬೆಳೆಯುತ್ತದೆ. ಆದರೆ ಉಕ್ಕನ್ನು ಸುಮಾರು 450ರಿಂದ 850 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಎಡವಟ್ಟಾಗುತ್ತದೆ. ಉಕ್ಕು ಅಂದರೆ ಒತ್ತೊತ್ತಾಗಿ ಕೂತ ಪುಟ್ಟ ಹರಳುಗಳ ರಾಶಿ. ಆ ಬಿಸಿಯಲ್ಲಿ ಉಕ್ಕಿನೊಳಗಿನ ಇಂಗಾಲ ಹರಳುಗಳ ಅಂಚಿಗೆ ಬಂದು ಕ್ರೋಮಿಯಂ ಅನ್ನು ಹಿಡಿದು ಕೂರುತ್ತದೆ. ಅಂಚಿನಲ್ಲಿ ಪೊರೆ ಕಟ್ಟಲು ಬೇಕಾದಷ್ಟು ಕ್ರೋಮಿಯಂ ಉಳಿಯುವುದಿಲ್ಲ. ತುಕ್ಕು ಒಳನುಗ್ಗುವುದು ಅಲ್ಲಿಂದಲೇ.

ಮಂಗಳಾರತಿ ತೆಗೆದುಕೊಳ್ಳುವಾಗ ಕೈ ಸುಡುವುದಿಲ್ಲ, ಅಲ್ವಾ? ಉರಿಯ ಮೇಲೆ ಸರ್ರನೆ ಆಡಿಸಿ ತೆಗೆದುಬಿಡುತ್ತೇವೆ. ಬಡ್ ಕಂಪನಿಯ ಇಂಜಿನಿಯರ್ ಅರ್ಲ್ ರಾಗ್ಸ್‌ಡೇಲ್ 1930ರ ದಶಕದಲ್ಲಿ ರೂಪಿಸಿದ ಶಾಟ್‌ವೆಲ್ಡ್ ವಿಧಾನದ ಉಪಾಯವೂ ಹೆಚ್ಚುಕಮ್ಮಿ ಇದೇ. ಎರಡು ತಗಡುಗಳನ್ನು ತಾಮ್ರದ ಎರಡು ಕಡ್ಡಿಗಳ ನಡುವೆ ಅದುಮಿ ಹಿಡಿಯಬೇಕು. ಒಂದೇ ಕ್ಷಣ ಭಾರೀ ಕರೆಂಟ್ ಹರಿಸಿ ನಿಲ್ಲಿಸಬೇಕು. ಚುಕ್ಕಿಯಷ್ಟು ಜಾಗ ಕರಗಿ ಅಂಟಿಕೊಳ್ಳುತ್ತದೆ. ಇಂಗಾಲಕ್ಕೆ ಕ್ರೋಮಿಯಂ ಹಿಡಿಯಲು ಪುರುಸೊತ್ತೇ ಸಿಗುವುದಿಲ್ಲ. ಇಂಥ ಸಾವಿರಾರು ಚುಕ್ಕಿಗಳು ಸೇರಿದರೆ ಒಂದು ಬೋಗಿ.

ತುಕ್ಕು ಹಿಡಿಯದ ಮೈಯ ಬೆಲೆ ಗೊತ್ತಾಗಿದ್ದು ಆರ್44ಕ್ಕೆ ತುಕ್ಕು ಹಿಡಿದಾಗ. ಅದು 1971–73ರಲ್ಲಿ ಬಂದ ರೈಲು, ಆರ್32ರ ತಮ್ಮ ಎನ್ನಬಹುದು. ನೋಡಲು ಅದೂ ಸ್ಟೇನ್‌ಲೆಸ್ಸೇ. ಆದರೆ ಮೈಯಲ್ಲಿ ಅಲ್ಲಲ್ಲಿ ಮಾಮೂಲಿ ಉಕ್ಕು ಸೇರಿತ್ತು. 2009ರ ಕೊನೆಗೆ ಆ ಉಕ್ಕು ತುಕ್ಕು ಹಿಡಿದು ಬೋಗಿಯ ಬಲವೇ ಕುಂದಿರುವುದು ಕಂಡುಬಂತು. ನ್ಯೂಯಾರ್ಕಿನದೇ ಭಾಗವಾದ ಸ್ಟೇಟನ್ ಐಲೆಂಡ್ ದ್ವೀಪದಲ್ಲಿ ಓಡುತ್ತಿದ್ದವನ್ನು ಬಿಟ್ಟು ಉಳಿದ ಆರ್44ಗಳು 2010ರಲ್ಲೇ ಮೂಲೆ ಸೇರಿದವು. ನಿವೃತ್ತಿಯಾಗಿ ಮನೆಗೆ ಹೊರಟಿದ್ದ ಅಣ್ಣ ಆರ್32ನ್ನೇ ಕರೆದು, ಇನ್ನೂ ಸ್ವಲ್ಪ ದಿನ ದುಡಿ ಎನ್ನಬೇಕಾಯಿತು.

ಅಣ್ಣನ ಮೈ ಗಟ್ಟಿ, ಒಳಗೆ ಮಾತ್ರ ನೂರೆಂಟು ಕಾಯಿಲೆ. ಹುಟ್ಟುವಾಗ ಎಸಿ ಇರಲಿಲ್ಲ. 1980ರ ದಶಕದ ಕೊನೆಯ ದೊಡ್ಡ ರಿಪೇರಿಯಲ್ಲಿ ಕೂರಿಸಿದ್ದರು. ವಯಸ್ಸಾದಂತೆ ಸುರಂಗದ ಸೆಕೆಗೆ ಅದು ಕೈಕೊಡತೊಡಗಿತು. ಬೇಸಿಗೆ ಬಂದರೆ ಆರ್32ಗಳನ್ನು ಬಯಲಲ್ಲಿ ಜಾಸ್ತಿ ಓಡುವ ಮಾರ್ಗಗಳಿಗೆ ಕಳಿಸುತ್ತಿದ್ದರು. ವಯಸ್ಸಾದವರನ್ನು ತಂಪಾದ ಊರಿಗೆ ಕಳಿಸಿದ ಹಾಗೆ! 2017ರ ಹೊತ್ತಿಗೆ ಇವು ಸರಾಸರಿ ಸುಮಾರು 33,000 ಮೈಲಿಗೊಮ್ಮೆ ಕೆಡುತ್ತಿದ್ದವು. ಇಡೀ ಸಬ್‌ವೇಯ ಸರಾಸರಿ 1 ಲಕ್ಷ ಮೈಲಿಗೂ ಮೇಲಿತ್ತು. ನನ್ನ ಮಟ್ಟಿಗೆ, ರೈಲಿನ ವಯಸ್ಸನ್ನು ಒಂದೇ ಅಂಕಿಯಲ್ಲಿ ಹೇಳುವುದೇ ತಪ್ಪು. ಇಲ್ಲಿ ಮೈಗೆ ಒಂದು ವಯಸ್ಸು, ವೈರುಗಳಿಗೆ ಇನ್ನೊಂದು, ಎಸಿಗೆ ಮತ್ತೊಂದು.

ಆದರೂ ಜನರಿಗೆ ಇದರ ಮೇಲೆ ಒಂಥರಾ ಮೋಹ. ಚಾಲಕನ ಕೋಣೆ ಬೋಗಿಯ ಅರ್ಧ ಅಗಲಕ್ಕಷ್ಟೇ ಇತ್ತು. ಪಕ್ಕದ ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತರೆ, ಕತ್ತಲ ಸುರಂಗದಲ್ಲಿ ಹಳಿಗಳೂ ಸಿಗ್ನಲ್ ದೀಪಗಳೂ ಎದುರಿಗೇ ಓಡಿ ಬರುತ್ತಿದ್ದವು. 2022ರ ಜನವರಿ 9ರ ಭಾನುವಾರದ ಕೊನೆಯ ಓಟಕ್ಕೆ ಜನ ಮುಗಿಬಿದ್ದಿದ್ದರು.

ಇಷ್ಟು ಗಟ್ಟಿ ಮೈ ಸೋತಿದ್ದು ಸಮುದ್ರದಲ್ಲಿ. ಕೆಲಸ ಮುಗಿಸಿದ ಬೋಗಿಗಳ ಗಾಲಿ, ಕಿಟಕಿ, ಸೀಟು ಕಿತ್ತು ಅಟ್ಲಾಂಟಿಕ್‌ನಲ್ಲಿ ಮುಳುಗಿಸಿ ಮೀನುಗಳಿಗೆ ಮನೆ ಮಾಡಿಕೊಡುವ ಯೋಜನೆಯೊಂದಿತ್ತು. 2008ರಲ್ಲಿ ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿ ಬಳಿ 48 ಬ್ರೈಟ್‌ಲೈನರ್ ಬೋಗಿಗಳನ್ನು ಹೀಗೆ ಮುಳುಗಿಸಿದರು. 25–30 ವರ್ಷ ಬಾಳುತ್ತವೆ ಎಂಬುದು ಲೆಕ್ಕ. ಕೆಲವೇ ತಿಂಗಳ ನಂತರ ಇಳಿದು ನೋಡಿದರೆ ಎರಡನ್ನು ಬಿಟ್ಟು ಉಳಿದವೆಲ್ಲ ಕುಸಿದು ಬಿದ್ದಿದ್ದವು. ಬೋಗಿ ಕಟ್ಟಿದ್ದು ಹಳಿಯ ಮೇಲೆ ಜನರ ಭಾರ ಹೊರಲಿಕ್ಕೆ, ಹಗಲಿರುಳು ಅಲೆಗಳ ಗುದ್ದು ತಿನ್ನಲಿಕ್ಕಲ್ಲ. ಇನ್ನಷ್ಟು ಬೋಗಿ ಕಳಿಸುತ್ತೇವೆ ಅಂದಾಗ ನ್ಯೂಜೆರ್ಸಿ ಬೇಡ ಅಂದುಬಿಟ್ಟಿತು.