ಕರಿಬೇವಿಗೆ ಹುಳ ಬಿತ್ತಾ? ಒಳ್ಳೇದಾಯ್ತು

ಮಳೆ ಹಿಡಿದು ಎರಡು ವಾರವಾದರೆ ಸಾಕು, ನನ್ನ ವಾಟ್ಸಾಪಿಗೆ ಫೋಟೋ ಬರಲು ಶುರು. ಕರಿಬೇವಿನ ಎಲೆ, ಅದರ ಮೇಲೆ ಹಕ್ಕಿ ಹಿಕ್ಕೆಯಂಥದ್ದೇನೋ. ಕೆಳಗೆ ಒಂದೇ ಸಾಲು: "ಸಾರ್, ಹುಳ ಬಿದ್ದಿದೆ. ಏನು ಹೊಡೀಲಿ?"

ಏನೂ ಹೊಡೆಯಬೇಡಿ.

ಹೀಗೆ ಕೇಳುವವರು ಯಾರು ಗೊತ್ತಾ? ಆರು ತಿಂಗಳ ಹಿಂದೆ ನನ್ನನ್ನು ಕರೆಸಿ, "ಮನೆ ಮುಂದೆ ಚಿಟ್ಟೆ ಬರೋ ಥರ ತೋಟ ಮಾಡಿಕೊಡಿ" ಎಂದವರೇ. ಬಹಳ ಜನ ಬನ್ನೇರುಘಟ್ಟದ ಚಿಟ್ಟೆ ಪಾರ್ಕಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದಿರುತ್ತಾರೆ. 2006ರಲ್ಲಿ ಶುರುವಾದ ಪಾರ್ಕು ಅದು. ಅಲ್ಲಿನ ಗುಮ್ಮಟದೊಳಗೆ ಹಾರಾಡುವ ಚಿಟ್ಟೆ ಕಣ್ಣಿಗೆ ಕಟ್ಟಿರುತ್ತದೆ. ಅವುಗಳಲ್ಲಿ ಒಂದೊಂದೂ ಮೊದಲು ಹೊಟ್ಟೆಬಾಕ ಹುಳವಾಗಿತ್ತು ಎನ್ನುವುದನ್ನು ಮಾತ್ರ ಅಲ್ಲೇ ಬಿಟ್ಟು ಬಂದಿರುತ್ತಾರೆ.

ಹೂವಿನ ಗಿಡದ ವಿಷಯ ನಾನು ಜಾಸ್ತಿ ಹೇಳುವುದಿಲ್ಲ. ಬಿಸಿಲು ಬೀಳುವ ಕಡೆ ಕೇಪಳ, ತುಂಬೆ, ಸ್ಫಟಿಕ ಹಾಕಿ. ಮಕರಂದಕ್ಕೆ ಚಿಟ್ಟೆಗಳು ಅಂಥ ಹಟ ಮಾಡುವುದಿಲ್ಲ, ಸಿಕ್ಕ ಹೂವಿಗೆ ಕೂರುತ್ತವೆ. ಹಟವೆಲ್ಲ ಮೊಟ್ಟೆ ಇಡುವಾಗ. ಹೆಣ್ಣು ಚಿಟ್ಟೆ ಎಲೆ ಮೇಲೆ ಕೂತು ಮುಂಗಾಲಿನಿಂದ ತಟ್ಟಿ ರುಚಿ ನೋಡುತ್ತದೆ. ತನ್ನ ಮರಿ ತಿನ್ನುವ ಗಿಡವೇ ಆದರೆ ಮೊಟ್ಟೆ, ಇಲ್ಲದಿದ್ದರೆ ಮುಂದಕ್ಕೆ. ಕರಿಬೇವು, ನಿಂಬೆ, ಬಿಲ್ವಕ್ಕೆ ಲೈಮ್ ಚಿಟ್ಟೆ, ಕಾಮನ್ ಮಾರ್ಮನ್. ಎಕ್ಕಕ್ಕೆ ಪ್ಲೇನ್ ಟೈಗರ್. ಕಕ್ಕೆ ಮರಕ್ಕೆ ಎಮಿಗ್ರೆಂಟ್. ಹರಳು ಗಿಡಕ್ಕೆ ಕಾಮನ್ ಕ್ಯಾಸ್ಟರ್. ಕಣಗಿಲೆ ಬೇಲಿಗೆ ಕಾಮನ್ ಕ್ರೋ. ಆ ಕ್ರೋ ಚಿಟ್ಟೆಯ ಗೂಡು ಬೆಳ್ಳಿ ಜುಮುಕಿಯ ಹಾಗೆ ಹೊಳೆಯುತ್ತದೆ. ಚಿಕ್ಕವನಿದ್ದಾಗ ನಾನು ಅದನ್ನು ಕಿತ್ತು ಜೇಬಲ್ಲಿಟ್ಟುಕೊಂಡು ಅಜ್ಜಿ ಕೈಲಿ ಬೈಸಿಕೊಂಡಿದ್ದೇನೆ.

ನಾವು ಬೇಡವೆನ್ನುವ ಹುಳವೇ ಚಿಟ್ಟೆ. ಗಿಡದ ಎಲೆ ತೂತಾದರೆ ತೋಟ ಕೆಲಸ ಮಾಡುತ್ತಿದೆ ಎಂದು ಅರ್ಥ. ಇದನ್ನು ಗಿರಾಕಿಗಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ತಲೆಯಾಡಿಸುತ್ತಾರೆ. ಮಳೆ ಬಂದ ಕೂಡಲೇ ಮತ್ತೆ ಫೋಟೋ.

ಅರ್ಧ ತಪ್ಪು ನಮ್ಮ ಮಾತಿನದ್ದು ಅನಿಸುತ್ತದೆ. ಮೈಮೇಲೆ ಕೂದಲಿದ್ದರೂ ಇಲ್ಲದಿದ್ದರೂ ನಾವು ಎಲ್ಲವನ್ನೂ ಕಂಬಳಿಹುಳ ಅಂತೀವಿ. ಕೇಳಿದ ತಕ್ಷಣ ಮೈ ತುರಿಸುತ್ತದೆ, ಅಲ್ವಾ? ನುಗ್ಗೆ ಮರಕ್ಕೆ ಮೆತ್ತಿಕೊಳ್ಳುವ ಹುಳ ನಿಜವಾಗಿಯೂ ಕಂಬಳಿಹುಳ. ಅದು ಪತಂಗದ ಮರಿ, ಮುಟ್ಟಿದರೆ ಉರಿ. ಅದನ್ನು ಸಾಕಿ ಎಂದು ನಾನು ಹೇಳುವುದಿಲ್ಲ, ಮಕ್ಕಳನ್ನಂತೂ ದೂರ ಇಡಿ. ಕರಿಬೇವಿನ ಹುಳ ಹಾಗಲ್ಲ. ಮೊದಮೊದಲು ಹಿಕ್ಕೆಯಂತೆ ಕಪ್ಪು ಬಿಳುಪು, ದೊಡ್ಡದಾದ ಮೇಲೆ ನುಣ್ಣಗೆ ಹಸಿರು. ಕೆಣಕಿದರೆ ತಲೆ ಹಿಂದಿನಿಂದ ಕೆಂಪಗೆ ಒಂದು ಕವಲುಕೋಡು ಹೊರಗೆ ಹಾಕಿ ಘಾಟು ಬಿಡುತ್ತದೆ. ಅಷ್ಟೇ ಅದರ ಪೌರುಷ. ಕಚ್ಚುವುದಿಲ್ಲ, ತುರಿಕೆಯೂ ಇಲ್ಲ.

ಮೈಸೂರಿನ ಕುವೆಂಪುನಗರದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಶಿಸ್ತಿನ ಮನುಷ್ಯ, ಕುಂಡಗಳನ್ನೂ ಸಾಲಾಗಿ ನಿಲ್ಲಿಸಿದವರು. ನಾನು ಹೋದಾಗ ಸ್ಪ್ರೇ ಬಾಟಲಿ ಕೈಯಲ್ಲೇ ಇತ್ತು. ನಾನು ಮೊಟ್ಟೆ, ಮರಿ, ಗೂಡು ಅಂತ ಪಾಠ ಶುರು ಮಾಡಿದೆ. ಮೇಷ್ಟ್ರಿಗೇ ಪಾಠ! ಒಪ್ಪಲಿಲ್ಲ. ಆಗ ಅಂಗಳ ಗುಡಿಸುತ್ತಿದ್ದ ಹೆಂಗಸು ಬಗ್ಗಿ ನೋಡಿ, "ಜ್ವರಕ್ಕೆ ಕುಂತದ ಕನಿ ಸಾ, ಮುಟ್ಬೇಡಿ" ಎಂದಳು. ಕೊಳ್ಳೇಗಾಲದ ಕಡೆಯವಳು, ತವರಲ್ಲಿ ರೇಷ್ಮೆ ಹುಳ ಸಾಕಿದವಳು. ಹುಳ ಮೇಯುವುದನ್ನು ಬಿಟ್ಟು ಅಲ್ಲಾಡದೆ ಕೂತು ಹಳೇ ಚರ್ಮ ಕಳಚಲು ತಯಾರಾಗುವುದಕ್ಕೆ ರೇಷ್ಮೆಯವರು ಜ್ವರ ಅನ್ನುತ್ತಾರೆ. ರೇಷ್ಮೆ ಹುಳಕ್ಕೆ ನಾಲ್ಕು ಜ್ವರ, ಕರಿಬೇವಿನ ಹುಳಕ್ಕೂ ನಾಲ್ಕು. ಹಿಪ್ಪುನೇರಳೆ ಸೊಪ್ಪಿಗೆ ಔಷಧಿ ತಾಗಿದರೆ ಏನಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮನೆ ತುಂಬ ಹುಳ ಸಾಕಿ, ಅದರ ರೇಷ್ಮೆಯನ್ನೇ ಉಟ್ಟು ಮೆರೆಯುವ ಸೀಮೆ ನಮ್ಮದು. ಆದರೂ ಕರಿಬೇವಿನ ಮೇಲೊಂದು ಹುಳ ಕಂಡರೆ ಹೌಹಾರುತ್ತೇವೆ.

"ಸಾವಯವ ಸಾರ್, ಬರೀ ಬೇವಿನೆಣ್ಣೆ" ಎನ್ನುವವರು ಇನ್ನೊಂದು ಗುಂಪು. ಬೇವಿನೆಣ್ಣೆ ಬಿದ್ದ ಎಲೆಯನ್ನು ಹುಳ ತಿನ್ನಲು ಹಿಂಜರಿಯುತ್ತದೆ, ತಿಂದರೆ ಚರ್ಮ ಕಳಚಲು ಆಗದೆ ಸಾಯುತ್ತದೆ. ಅದು ಕೆಲಸ ಮಾಡುವುದೇ ಹಾಗೆ. ಹುಳಕ್ಕೆ ಸಾವಯವ ಸಾವು, ರಾಸಾಯನಿಕ ಸಾವು ಅಂತ ಭೇದವಿಲ್ಲ. ಬಿ.ಟಿ. ಅನ್ನುವ ಬ್ಯಾಕ್ಟೀರಿಯಾದ ಪುಡಿಯಂತೂ ಇಂಥ ಹುಳಗಳನ್ನು ಕೊಲ್ಲಲೆಂದೇ ಇರುವುದು. ಎಲೆಯಲ್ಲಿ ಸಸ್ಯಹೇನು ಕಂಡರೆ ನೀರಿನ ಪೈಪು ಹಿಡಿದು ತೊಳೆಯಿರಿ, ಸಾಕು.

ಇನ್ನೊಂದು ವಿಷಯ ಎಚ್ಚರಿಕೆಯಿಂದ ಹೇಳುತ್ತೇನೆ. ಎಲ್ಲ ನರ್ಸರಿಯವರೂ ಹಾಗೆ ಅಂತಲ್ಲ. ಆದರೆ ಕೆಲವು ಕಡೆ ಗಿಡ ಮಿರಮಿರ ಮಿಂಚಲೆಂದು ಕೊಡುವ ಔಷಧಿ ಬೇರಿನಿಂದ ಎಲೆಗೂ ಹೂವಿಗೂ ಏರುತ್ತದೆ, ತೊಳೆದರೆ ಹೋಗುವುದಿಲ್ಲ. ಒಂದೂ ತೂತಿಲ್ಲದ ಕರಿಬೇವಿನ ಗಿಡ ಕಂಡರೆ ನನಗೆ ಅನುಮಾನ. ಪಕ್ಕದ ಮನೆಯ ಹಳೇ ಗಿಡದ ಬುಡದಲ್ಲಿ ಬೇರಿನಿಂದೆದ್ದ ಮರಿ ಇರುತ್ತದೆ, ಕೇಳಿ ತನ್ನಿ. ಎರಡು ತನ್ನಿ. ಒಂದು ಒಗ್ಗರಣೆಗೆ, ಒಂದು ಹುಳಕ್ಕೆ. ಬೋಳಾದರೂ ಕರಿಬೇವು ಮತ್ತೆ ಚಿಗುರುತ್ತದೆ, ಹೆದರಬೇಡಿ.

ನಾಡಧ್ವಜದ ಬಣ್ಣದ ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಬೇಕು ಎಂದು ಕೇಳುವವರೂ ಇದ್ದಾರೆ. ಅದು ಹೆಚ್ಚಾಗಿ ಪಶ್ಚಿಮಘಟ್ಟದ ಕಡೆಯದ್ದು. ಮೈಸೂರಿನ ಹಿತ್ತಲಿಗೆ ಬರುತ್ತದೆಂದು ನಾನು ಮಾತು ಕೊಡುವುದಿಲ್ಲ. ಅದರ ಮರಿ ತಿನ್ನುವ ಈಶ್ವರಿ ಬಳ್ಳಿ ಹಾಕಿದರೆ ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳು ಬರಬಹುದು. ನಾಡಿನ ಬಳ್ಳಿಯನ್ನೇ ಹಾಕಿ. ಅಂದಕ್ಕೆ ಮಾರುವ ದೊಡ್ಡ ಹೂವಿನ ವಿದೇಶಿ ಜಾತಿಯ ಮೇಲೆ ಚಿಟ್ಟೆ ಮೋಸಹೋಗಿ ಮೊಟ್ಟೆ ಇಟ್ಟು, ಮರಿ ಸಾಯುವುದುಂಟು. ಮತ್ತೆ, ಈಶ್ವರಿ ಬಳ್ಳಿಯನ್ನು ಮನೆಮದ್ದು ಅಂತ ಕುಡಿಯಬೇಡಿ, ಮೂತ್ರಪಿಂಡ ಹಾಳಾಗುತ್ತದೆ. ಎಕ್ಕದ ಹಾಲು ಕಣ್ಣಿಗೆ ತಾಗದಂತೆಯೂ ನೋಡಿಕೊಳ್ಳಿ.

ಜೇನು, ದುಂಬಿಗಳಿಗೂ ಇದೇ ಲೆಕ್ಕ. ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಬೇಡಿ. ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಒಂದು ಒಂಟಿ ಜೇನು ಮಣ್ಣಲ್ಲಿ ತೂತು ಮಾಡಿ ಗೂಡು ಕಟ್ಟುತ್ತದೆ. ಟೊಮೆಟೊ, ಬದನೆ ಹೂವನ್ನು ಗುಂಯ್ ಎಂದು ನಡುಗಿಸಿ ಪರಾಗ ಉದುರಿಸುವುದು ಅದೇ.

ಮೇಷ್ಟ್ರ ಕಥೆ ಮುಗಿಸಿಬಿಡುತ್ತೇನೆ. ಹುಳ ಗೂಡು ಕಟ್ಟುವ ಹೊತ್ತಿಗೆ ಎಷ್ಟೋ ಸಲ ಗಿಡ ಬಿಟ್ಟು ಹೋಗುತ್ತದೆ. ಕಾಂಪೌಂಡು, ಬಾಗಿಲಿನ ಸಂದಿ, ಎಲ್ಲಾದರೂ ಸರಿ. ಒಣಗಿದ ಎಲೆಯಂತೆ ಅಂಟಿಕೊಂಡಿರುತ್ತದೆ, ನಾವು ದಸರಾ ಬಂತು ಎಂದು ಗುಡಿಸಿ ಎಸೆಯುತ್ತೇವೆ. ಮೇಷ್ಟ್ರ ಮನೆಯಲ್ಲಿ ಅದು ಮಲಗುವ ಕೋಣೆಯ ಕಿಟಕಿ ಬಾಗಿಲಿಗೇ ಅಂಟಿತ್ತು. ಮುಚ್ಚಿದರೆ ಜಜ್ಜಿಹೋಗುತ್ತದೆ ಎಂದು ಅವರು ಹನ್ನೊಂದು ದಿನ ಕಿಟಕಿ ಮುಚ್ಚಲಿಲ್ಲ. ಅವರ ಮನೆಯವರು ನನಗೆ ಫೋನು ಮಾಡಿ, ರಾತ್ರಿ ಸೊಳ್ಳೆ ಕಚ್ಚಿದ್ದಕ್ಕೆಲ್ಲ ನನ್ನನ್ನೇ ಬೈದರು.