ಗುಜರಿಯಿಂದ ಎದ್ದುಬಂದ ಲಿಬರೇಟರ್‌ಗಳು

ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ವಸ್ತುಸಂಗ್ರಹಾಲಯದಲ್ಲಿ ಎರಡನೆಯ ಮಹಾಯುದ್ಧ ಕಾಲದ ಬಾಂಬರ್ ವಿಮಾನವೊಂದಿದೆ. ನಾಲ್ಕು ಎಂಜಿನ್, ಅಂಗಡಿಯ ಷಟರ್‌ನಂತೆ ಮೇಲಕ್ಕೆ ಸರಿಯುವ ಬಾಂಬ್ ಕೋಣೆಯ ಬಾಗಿಲು. ಹೆಸರು ಬಿ-24 ಲಿಬರೇಟರ್, ಸಂಖ್ಯೆ ಕೆಎನ್ 751. ತಯಾರಾದದ್ದು ಅಮೆರಿಕದಲ್ಲಿ, ಹಾರಿಸಿದ್ದು ಬ್ರಿಟಿಷರು. ಆದರೆ 1974ರಲ್ಲಿ ಅದನ್ನು ಬ್ರಿಟನ್ನಿಗೆ ಉಡುಗೊರೆಯಾಗಿ ಕೊಟ್ಟದ್ದು ಭಾರತ! ಇದರ ಹಿಂದಿರುವ ಕಥೆ ನಮ್ಮ ಬೆಂಗಳೂರಿನದು.

ಅಮೆರಿಕ ಈ ವಿಮಾನಗಳನ್ನು ಬ್ರಿಟನ್ನಿಗೆ ಎರವಲಾಗಿ ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಅವನ್ನು ಹಿಂದಿರುಗಿಸಬೇಕು, ಇಲ್ಲವೇ ನಾಶಮಾಡಬೇಕು ಎಂಬುದು ಕರಾರು. ಹಾಗಾಗಿ ಕಾನ್ಪುರದ ಚಕೇರಿಯಲ್ಲಿ ಸಾಲುಸಾಲಾಗಿ ನಿಂತಿದ್ದ ಲಿಬರೇಟರ್‌ಗಳ ಉಪಕರಣಗಳನ್ನು ಒಡೆದು, ಎಂಜಿನ್‌ಗಳಿಗೆ ಮರಳು ಸುರಿದು, ಮತ್ತೆಂದೂ ಹಾರದಂತೆ ಮಾಡಿ ಬ್ರಿಟಿಷರು ಹೊರಟುಹೋದರು.

ಸ್ವತಂತ್ರ ಭಾರತಕ್ಕೆ ಬಾಂಬರ್‌ಗಳು ಬೇಕಿದ್ದವು. 1948ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ತಂತ್ರಜ್ಞರು ಆ ಗುಜರಿಯ ನಡುವೆ ಇಳಿದರು. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಕಟ್ಟಿದ್ದ ಈ ಕಾರ್ಖಾನೆ, ಯುದ್ಧದ ದಿನಗಳಲ್ಲಿ ಅಮೆರಿಕದ ಸೇನಾ ವಿಮಾನಗಳ ದುರಸ್ತಿಯಲ್ಲಿ ಪಳಗಿತ್ತು. ಒಂದರ ಬಿಡಿಭಾಗ ಕಿತ್ತು ಇನ್ನೊಂದಕ್ಕೆ ಜೋಡಿಸಿ, ಬೆಂಗಳೂರಿನವರೆಗಿನ ಒಂದೇ ಒಂದು ಹಾರಾಟಕ್ಕೆ ಸಾಕೆನ್ನುವಷ್ಟು ಮಾತ್ರ ಅವುಗಳನ್ನು ಸಜ್ಜುಗೊಳಿಸುತ್ತಿದ್ದರು. ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಜಮ್‌ಷೆಡ್ ಮುನ್ಷಿ ಅಂಥ ವಿಮಾನಗಳನ್ನು ಸುಮಾರು 1,500 ಕಿಲೋಮೀಟರ್ ಹಾರಿಸಿ ತಂದರು. ಒಮ್ಮೆಯಲ್ಲ, ಮತ್ತೆ ಮತ್ತೆ! ಆ ಎದೆಗಾರಿಕೆಯನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಪೂರ್ಣ ದುರಸ್ತಿ ನಡೆದದ್ದು ಬೆಂಗಳೂರಿನಲ್ಲಿ.

ಅದೇ ವರ್ಷದ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳೊಂದಿಗೆ ಆರಂಭವಾಯಿತು. ಒಟ್ಟು 40ಕ್ಕೂ ಹೆಚ್ಚು ಲಿಬರೇಟರ್‌ಗಳು ಹೀಗೆ ಜೀವ ಪಡೆದವು. ಮುಂದೆ 6ನೇ ಸ್ಕ್ವಾಡ್ರನ್ ಅವುಗಳನ್ನು ಸಮುದ್ರದ ಕಾವಲಿಗೆ ಬಳಸಿತು. ನಿವೃತ್ತಿಯಾದದ್ದು 1968ರಲ್ಲಿ.

ಅಷ್ಟರಲ್ಲಿ ಉಳಿದೆಡೆ ಲಿಬರೇಟರ್‌ಗಳು ಬಹುತೇಕ ಕಣ್ಮರೆಯಾಗಿದ್ದವು. ತಯಾರಾಗಿದ್ದ 18,000ಕ್ಕೂ ಹೆಚ್ಚು ವಿಮಾನಗಳಲ್ಲಿ ಹೆಚ್ಚಿನವು ಯುದ್ಧದಲ್ಲಿ ನಾಶವಾಗಿದ್ದವು, ಇಲ್ಲವೇ ಕರಗಿ ಅಲ್ಯೂಮಿನಿಯಂ ಆಗಿದ್ದವು. ಹೀಗಾಗಿ ವಸ್ತುಸಂಗ್ರಹಾಲಯಗಳು ಭಾರತದತ್ತ ಕೈಚಾಚಿದವು. ಒಂದು ಅಮೆರಿಕದ ಟೂಸಾನ್‌ನ ಪೀಮಾ ಸಂಗ್ರಹಾಲಯ ಸೇರಿತು. ಇನ್ನೊಂದು ಕೆನಡಾಕ್ಕೆ ಹೋಯಿತು. ಅದಕ್ಕೆ ಬದಲಾಗಿ ನಮಗೆ ಬಂದದ್ದು ಲೈಸ್ಯಾಂಡರ್ ಎಂಬ ಪುಟ್ಟ ವಿಮಾನ. ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಸಂಗ್ರಹಾಲಯದಲ್ಲಿ ಆ ಲೈಸ್ಯಾಂಡರ್ ಇದೆ, ನಾವೇ ಉಳಿಸಿಕೊಂಡ ಒಂದು ಲಿಬರೇಟರ್ ಕೂಡ ಇದೆ.